ಓದುಗರ ಪ್ರಶ್ನೆ, ನಮ್ಮ ಉತ್ತರ: ಕಣಿವೆಯ ಬೆಳಕು ಅಳೆಯುವಾಗ

ಪ್ರಶ್ನೆ: ಸಿಲಿಕಾನ್ ಮೇಲೆ ಟೇಪಿನಿಂದ ಬಿಡಿಸಿ ಇಟ್ಟ ಏಕಪದರ ಮಾಲಿಬ್ಡಿನಮ್ ಡೈಸಲ್ಫೈಡ್ ಚೂರಿಗೆ 532 ನ್ಯಾನೊಮೀಟರ್ ಲೇಸರನ್ನು ವೃತ್ತೀಯವಾಗಿ ಧ್ರುವೀಕರಿಸಿ ಬಿಡುತ್ತಿದ್ದೇನೆ. ಹೊಮ್ಮುವ ಬೆಳಕಿನ ಧ್ರುವೀಕರಣ (ಬಲಸುತ್ತು-ಎಡಸುತ್ತಿನ ಬೆಳಕುಗಳ ವ್ಯತ್ಯಾಸ, ಒಟ್ಟು ಬೆಳಕಿನ ಶೇಕಡಾವಾರಿನಲ್ಲಿ) 3% ದಾಟುವುದಿಲ್ಲ. ಪ್ರಕಟಿತ ಪ್ರಬಂಧಗಳಲ್ಲಿ 30%, 50% ಇದೆ. ಚೂರೇ ಕೆಟ್ಟಿದೆಯೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಚೂರಿನ ಮೇಲೆ ಅನುಮಾನಪಡುವ ಮೊದಲು ಲೇಸರನ್ನು ನೋಡಿ. ಈ ಹರಳಿನಲ್ಲಿ ಎಲೆಕ್ಟ್ರಾನಿನ ಶಕ್ತಿ ಕನಿಷ್ಠಕ್ಕೆ ಇಳಿಯುವ ಎರಡು ಬೇರೆ ಬೇರೆ ಜಾಗಗಳಿವೆ (ಚೂರಿನ ಮೇಲಿನ ಜಾಗಗಳಲ್ಲ, ಎಲೆಕ್ಟ್ರಾನಿನ ಸಂವೇಗದ ಲೆಕ್ಕದಲ್ಲಿ). ಅವೇ ಕೆ ಮತ್ತು ಕೆ ಪ್ರೈಮ್ ಕಣಿವೆಗಳು. ಬಲಸುತ್ತಿನ ಬೆಳಕು ಒಂದನ್ನು ತುಂಬುತ್ತದೆ, ಎಡಸುತ್ತಿನದು ಇನ್ನೊಂದನ್ನು. ಆದರೆ 532ರ ಫೋಟಾನಿಗೆ 2.33 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಿದೆ, ನಿಮ್ಮ ಚೂರು ಬೆಳಗುವುದು ಸುಮಾರು 1.85ರಲ್ಲಿ. ಮಿಕ್ಕ ಸುಮಾರು ಅರ್ಧ ಎಲೆಕ್ಟ್ರಾನ್ ವೋಲ್ಟನ್ನು ಹರಳಿನ ಕಂಪನಗಳಿಗೆ ಕೊಡುತ್ತಾ ಇಳಿಯುವ ದಾರಿಯಲ್ಲೇ ಎಲೆಕ್ಟ್ರಾನು ಪಕ್ಕದ ಕಣಿವೆಗೆ ಜಾರುತ್ತದೆ. ಕೋಣೆಯ ಉಷ್ಣತೆಯಲ್ಲಿ ಆ ಕಂಪನಗಳಿಗೂ ಬರವಿಲ್ಲ. 2012ರಲ್ಲಿ ಮೂರು ಗುಂಪುಗಳು ಮೊದಲ ಬಾರಿ ತೋರಿಸಿದ ದೊಡ್ಡ ಅಂಕಿಗಳು ಚೂರನ್ನು ಚೆನ್ನಾಗಿ ತಣಿಸಿ, ಅದು ಬೆಳಗುವ ಶಕ್ತಿಗೆ ಹತ್ತಿರದ ಲೇಸರ್ ಬಳಸಿ ಪಡೆದವು. 633ರ ಹೀಲಿಯಮ್-ನಿಯಾನ್ (1.96 ಎಲೆಕ್ಟ್ರಾನ್ ವೋಲ್ಟ್) ಸಿಕ್ಕರೆ ಅದನ್ನೇ ಹಿಡಿಯಿರಿ, 10 ಕೆಲ್ವಿನ್‌ಗೆ ಇಳಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಇಷ್ಟಾದ ಮೇಲೂ ಅಂಕಿ ಏರದಿದ್ದರೆ ತಪ್ಪು ಬೆಳಕಿನ ದಾರಿಯಲ್ಲಿರುವುದೇ ಹೆಚ್ಚು. ಕ್ವಾರ್ಟರ್ ವೇವ್ ಪ್ಲೇಟನ್ನು (ಸರಳರೇಖೆಯ ಧ್ರುವೀಕರಣವನ್ನು ವೃತ್ತೀಯವಾಗಿಸುವ ಫಲಕ) ಲೇಸರಿನ ಮುಂದೆ ಇಟ್ಟು, ಆಮೇಲೆ ಡೈಕ್ರೋಯಿಕ್ ಬೀಮ್ ಸ್ಪ್ಲಿಟರ್ (ಲೇಸರನ್ನೂ ಹೊಮ್ಮುವ ಬೆಳಕನ್ನೂ ಬೇರ್ಪಡಿಸುವ ಗಾಜು) ಹಾಯಿಸಿದ್ದೀರಾ? ಸ್ಪ್ಲಿಟರು ಬೆಳಕಿನ ಎರಡು ಘಟಕಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹಿಂದಿಡುತ್ತದೆ. ವೃತ್ತ ಅಲ್ಲೇ ಅಂಡಾಕಾರವಾಗುತ್ತದೆ. ಪ್ಲೇಟಿನ ಜಾಗ ಸ್ಪ್ಲಿಟರ್ ದಾಟಿದ ಮೇಲೆ, ಆಬ್ಜೆಕ್ಟಿವಿನ (ಚೂರಿನ ಮುಂದಿನ ಮಸೂರ) ಹತ್ತಿರ. ಅಲ್ಲಿದ್ದರೆ ಹೋಗುವ ಬೆಳಕೂ ಬರುವ ಬೆಳಕೂ ಅದೇ ಪ್ಲೇಟಿನ ಮೂಲಕ ಹಾಯುತ್ತವೆ, ಸ್ಪ್ಲಿಟರಿಗೆ ಸಿಗುವುದು ಸರಳರೇಖೆಯ ಧ್ರುವೀಕರಣ ಮಾತ್ರ.

ಪ್ಲೇಟು ಯಾವ ತರಂಗಾಂತರದ್ದು ಎಂದೂ ಗಮನಿಸಿ. 532ರ ಝೀರೊ ಆರ್ಡರ್ ಪ್ಲೇಟನ್ನು 633ಕ್ಕೆ ಬಳಸಿದರೆ ಎರಡು ಘಟಕಗಳ ನಡುವೆ 90 ಡಿಗ್ರಿಯ ಹಿಂದಿಡುವಿಕೆಯ ಬದಲು 76 ಡಿಗ್ರಿಯಷ್ಟೇ ಸಿಗುತ್ತದೆ. ಆಗ ಚೂರಿನ ಜಾಗದಲ್ಲಿ ಪೋಲರೈಜರ್ ಇಟ್ಟು ತಿರುಗಿಸಿದರೆ ಗರಿಷ್ಠ-ಕನಿಷ್ಠದ ಅನುಪಾತ 1.6ರ ಮೇಲೆ ಹೋಗುತ್ತದೆ, ಅದು 1.05ರೊಳಗೆ ಇರಲಿ. ನಿಮಗೆ ಬೇಕಾದದ್ದು ಹಲವು ತರಂಗಾಂತರಗಳಿಗೂ ಒಂದೇ ರೀತಿ ಕೆಲಸ ಮಾಡುವ ಅಕ್ರೋಮ್ಯಾಟಿಕ್ ಪ್ಲೇಟ್. ಮೂರು ಪ್ಲೇಟುಗಳನ್ನು ಜೋಡಿಸಿ ಅದನ್ನು ಮಾಡುವ ದಾರಿಯನ್ನು 1955ರಲ್ಲಿ ಕೊಟ್ಟವರು ಬೆಂಗಳೂರಿನಲ್ಲಿದ್ದ ಭೌತವಿಜ್ಞಾನಿ ಎಸ್. ಪಂಚರತ್ನಂ.

ಸ್ಪೆಕ್ಟ್ರೋಮೀಟರಿನ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಭಾಗ) ಕೂಡ ಒಂದು ದಿಕ್ಕಿನ ಬೆಳಕಿಗೆ ಹೆಚ್ಚು ಸ್ಪಂದಿಸುತ್ತದೆ. ಆದ್ದರಿಂದ ಅದರ ಮುಂದಿನ ಪೋಲರೈಜರನ್ನು ಅಲುಗಿಸಬೇಡಿ. ಅದಕ್ಕೂ ಮೊದಲು ಒಂದು ಹಾಫ್ ವೇವ್ ಪ್ಲೇಟ್ (ಧ್ರುವೀಕರಣದ ದಿಕ್ಕನ್ನು ತಿರುಗಿಸುವ ಫಲಕ) ಇಟ್ಟು ಅದನ್ನು 45 ಡಿಗ್ರಿ ತಿರುಗಿಸಿ ಎರಡು ಅಳತೆ ತೆಗೆದುಕೊಳ್ಳಿ: ಒಂದು ಬಲಸುತ್ತಿನ ಬೆಳಕಿಗೆ, ಇನ್ನೊಂದು ಎಡಸುತ್ತಿನದಕ್ಕೆ.

ಎಲ್ಲ ಸರಿಯಿದೆಯೇ ಎಂದು ಹೇಳಬಲ್ಲ ಸಾಕ್ಷಿ ನಿಮ್ಮ ಚೂರಿನ ಕೆಳಗೇ ಇದೆ. ಪಕ್ಕದ ಖಾಲಿ ಸಿಲಿಕಾನಿಗೆ (001 ಮುಖ) ಲೇಸರ್ ಒಯ್ಯಿರಿ. 633ರ ಲೇಸರಿಗೆ ಅದರ 520 ವೇವ್‌ನಂಬರಿನ ರಾಮನ್ ಗೆರೆ (ಹರಳಿನ ಕಂಪನಕ್ಕೆ ಒಂದಿಷ್ಟು ಶಕ್ತಿ ಕೊಟ್ಟು ಮರಳುವ ಬೆಳಕು) 654 ನ್ಯಾನೊಮೀಟರಿನಲ್ಲಿ, ನೀವು ಅಳೆಯುವ ಬೆಳಕಿನ ಸಮೀಪದಲ್ಲೇ ಬೀಳುತ್ತದೆ. ಕನ್ನಡಿಯಿಂದ ಮರಳುವ ಲೇಸರ್ ಯಾವ ಅಳತೆಯಲ್ಲಿ ಕಾಣುತ್ತದೋ ಅದು 'ಅದೇ ಕಣಿವೆ', ಅಂದರೆ ಲೇಸರ್ ತುಂಬಿದ ಕಣಿವೆಯದೇ ಬೆಳಕು. ಸಿಲಿಕಾನಿನ ಈ ಗೆರೆ ಪೂರ್ತಿಯಾಗಿ ಅದರ ಎದುರಿನ ಅಳತೆಯಲ್ಲಿ ಬರಬೇಕು. 90ಕ್ಕೆ 10 ಎಂದು ಹಂಚಿಹೋದರೆ, ನಿಮ್ಮ ಉಪಕರಣ 80%ಕ್ಕಿಂತ ಹೆಚ್ಚು ತೋರಿಸಲಾರದು. ತಣಿಸುವ ಕೋಶದ ಕಿಟಕಿಗಾಜನ್ನು ಬಿಗಿಯಾಗಿ ಕೂರಿಸಿದಾಗ ಗಾಜಿನೊಳಗಿನ ಒತ್ತಡವೂ ಧ್ರುವೀಕರಣ ಕೆಡಿಸುತ್ತದೆ. ತಣಿಸಿದ ಮೇಲೆ ಈ ಪರೀಕ್ಷೆ ಮತ್ತೊಮ್ಮೆ ಮಾಡಿ.

ಪ್ರಶ್ನೆ: ಎರಡು ಪದರವಿದ್ದರೆ ಬೆಳಕೂ ಧ್ರುವೀಕರಣವೂ ಇಮ್ಮಡಿಯಾಗಬೇಕಲ್ಲವೇ?
— ಉಪನ್ಯಾಸಕರು, ಶಿವಮೊಗ್ಗ

ಉತ್ತರ: ಇಲ್ಲ. ಸಹಜ ಹರಳಿನಲ್ಲಿ ಮೇಲಿನ ಪದರ ಕೆಳಗಿನದಕ್ಕೆ 180 ಡಿಗ್ರಿ ತಿರುಗಿ ಕೂತಿರುತ್ತದೆ. ಒಂದರ ಕೆ ಕಣಿವೆಯ ಮೇಲೆ ಇನ್ನೊಂದರ ಕೆ ಪ್ರೈಮ್ ಬಂದು, ಎಡ-ಬಲದ ಭೇದವೇ ಅಳಿಸಿಹೋಗುತ್ತದೆ. ಬೆಳಕೂ ಬಹಳ ಕುಗ್ಗುತ್ತದೆ. ಚೂರು ಏಕಪದರವೇ ಎಂದು ತಿಳಿಯಲು ರಾಮನ್‌ನಲ್ಲಿ 385 ಮತ್ತು 404 ವೇವ್‌ನಂಬರಿನ ಆಸುಪಾಸಿನ ಎರಡು ಗೆರೆಗಳ ಅಂತರ ಅಳೆಯಿರಿ: 18-19 ಇದ್ದರೆ ಏಕಪದರ, 21-22 ಇದ್ದರೆ ಎರಡು ಪದರ.

ಪ್ರಶ್ನೆ: ಎಲೆಕ್ಟ್ರಾನು ಯಾವ ಕಣಿವೆಯಲ್ಲಿದೆ ಎಂಬ ಮಾಹಿತಿ ಪಿಕೋಸೆಕೆಂಡುಗಳಲ್ಲಿ (ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗ) ಅಳಿಸಿಹೋಗುವುದಾದರೆ ಅದರಿಂದ ಏನು ಉಪಯೋಗ?
— ಓದುಗರು, ಮೈಸೂರು

ಉತ್ತರ: ನ್ಯಾಯವಾದ ಪ್ರಶ್ನೆ. ಒಂದೇ ಪದರದಲ್ಲಿ ಎಲೆಕ್ಟ್ರಾನು ಮತ್ತು ಅದು ಬಿಟ್ಟುಬಂದ ಖಾಲಿ ಜಾಗ, ಅಂದರೆ ಹೋಲ್, ತೀರ ಹತ್ತಿರವಿರುವುದರಿಂದ, ಅವುಗಳ ನಡುವಿನ ವಿನಿಮಯ ಕ್ರಿಯೆಯೇ ಕಣಿವೆಗಳನ್ನು ಬೆರೆಸಿಬಿಡುತ್ತದೆ. ಮಾಲಿಬ್ಡಿನಮ್ ಡೈಸೆಲೆನೈಡ್ ಮೇಲೆ ಟಂಗ್‌ಸ್ಟನ್ ಡೈಸೆಲೆನೈಡ್ ಇಟ್ಟರೆ ಅವೆರಡೂ ಬೇರೆ ಬೇರೆ ಪದರಗಳಿಗೆ ಹೋಗುತ್ತವೆ. 2016ರಲ್ಲಿ ಅಂಥ ಜೋಡಿಯಲ್ಲಿ ಕಣಿವೆ ಧ್ರುವೀಕರಣ 40 ನ್ಯಾನೊಸೆಕೆಂಡಿನವರೆಗೆ ಉಳಿಯಿತು. ಇನ್ನೊಂದು ದಾರಿಯೆಂದರೆ, ಅಳಿಸುವ ಮೊದಲೇ ಬೆಳಕಾಗಿ ಸಾಗಿಸಿಬಿಡುವುದು. 2018ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನ ಗುಂಪು ಟಂಗ್‌ಸ್ಟನ್ ಡೈಸಲ್ಫೈಡ್ ಮೇಲೆ ಬೆಳ್ಳಿಯ ನ್ಯಾನೊತಂತಿ ಇಟ್ಟು, ಒಂದು ಕಣಿವೆಯ ಬೆಳಕು ತಂತಿಯ ಒಂದು ತುದಿಗೂ ಇನ್ನೊಂದರದ್ದು ಎದುರು ತುದಿಗೂ ಹರಿಯುವುದನ್ನು ತೋರಿಸಿತು. ತಂತಿಯ ನಡುರೇಖೆಯ ಮೇಲೆ ಲೇಸರ್ ಬಿದ್ದರೆ ಈ ಭೇದ ಕಾಣುವುದಿಲ್ಲ; ಚುಕ್ಕಿಯನ್ನು ಒಂದು ಪಕ್ಕಕ್ಕೆ ಸರಿಸಬೇಕು. ಇನ್ನೊಂದು ಪಕ್ಕಕ್ಕೆ ಸರಿಸಿದರೆ ದಿಕ್ಕು ಅದಲು ಬದಲಾಗುತ್ತದೆ.