1991ರಲ್ಲಿ ಭಾರತದಲ್ಲಿ ಏನೇನಾಯಿತು, ಯಾವುದರ ಹಿಂದೆ ಯಾವುದು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೀರಿ, 1991 ಎಂದರೆ ಎಲ್ಲ ಕಡೆ ಉದಾರೀಕರಣ (ಉದ್ಯಮ, ವ್ಯಾಪಾರದ ಮೇಲಿನ ಸರ್ಕಾರಿ ನಿರ್ಬಂಧಗಳ ಸಡಿಲಿಕೆ) ಎಂಬ ಒಂದೇ ಮಾತು ಸಿಗುತ್ತದೆ, ಉಳಿದ ಘಟನೆಗಳ ಕ್ರಮ ಗೊತ್ತಾಗುತ್ತಿಲ್ಲ. ಅಡವಿಟ್ಟ ಚಿನ್ನ 20 ಟನ್ನೋ 47 ಟನ್ನೋ, ರೂಪಾಯಿ ಇಳಿದದ್ದು ಶೇ 18ರಷ್ಟೋ 23ರಷ್ಟೋ ಎಂಬ ಗೊಂದಲವಿದೆ. ಕರ್ನಾಟಕಕ್ಕೆ ಸಂಬಂಧಪಟ್ಟದ್ದು ಏನೇನು ಎಂದೂ ಕೇಳಿದ್ದೀರಿ.

ಚುಟುಕಾಗಿ ಹೇಳುವುದಾದರೆ ಚಿನ್ನ ಹೊರಗೆ ಹೋದದ್ದು ಎರಡು ಸಲ, ಹಾಗಾಗಿ ಎರಡೂ ಅಂಕಿ ಸರಿ. ರೂಪಾಯಿಯ ಎರಡು ಅಂಕಿಗಳೂ ಸರಿಯೇ, ಲೆಕ್ಕ ಹಾಕುವ ದಿಕ್ಕು ಮಾತ್ರ ಬೇರೆ. ಇನ್ನು ಘಟನೆಗಳ ಕ್ರಮ ಬೇಕಿದ್ದರೆ ಎಲ್ಲರಂತೆ ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದ ಜುಲೈ 24ರಿಂದ ಶುರು ಮಾಡಬೇಡಿ, ಮಾರ್ಚ್ ಮೊದಲ ವಾರದಿಂದ ಓದಿ. ಆ ವರ್ಷದ ಗಂಟು ಬಿದ್ದದ್ದು ಅಲ್ಲಿ.

1990ರ ಆಗಸ್ಟ್ 2ರಂದು ಇರಾಕ್ ಕುವೈತ್‌ಗೆ ನುಗ್ಗಿತು. ಕಚ್ಚಾ ತೈಲದ ಬೆಲೆ ಏರಿತು, ಕೊಲ್ಲಿಯಿಂದ ನಮ್ಮವರು ಊರಿಗೆ ಕಳಿಸುತ್ತಿದ್ದ ಹಣ ಕುಸಿಯಿತು. ಅದಕ್ಕೂ ಮೊದಲೇ ಖಜಾನೆ ಬಸವಳಿದಿತ್ತು. 1990-91ರಲ್ಲಿ ಕೇಂದ್ರದ ವಿತ್ತೀಯ ಕೊರತೆ (ಆದಾಯ ಸಾಲದೆ ಸಾಲ ಮಾಡಿ ತುಂಬಬೇಕಾದ ಖರ್ಚು) ದೇಶದ ಒಟ್ಟು ಉತ್ಪನ್ನದ, ಅಂದರೆ ಜಿಡಿಪಿಯ, ಶೇ 8ನ್ನು ದಾಟಿತ್ತು. 1991ರ ಜನವರಿಯಲ್ಲಿ ಪ್ರಧಾನಿ ಚಂದ್ರಶೇಖರ್ ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ನಿಂದ ಸುಮಾರು 180 ಕೋಟಿ ಡಾಲರ್ ಪಡೆಯಿತು. ಮುಂದಿನ ಸಾಲ ಹುಟ್ಟಬೇಕಾದರೆ ಕೊರತೆ ತಗ್ಗಿಸುವ ಬಜೆಟ್ ತೋರಿಸಬೇಕಿತ್ತು. ಸರ್ಕಾರ ನಿಂತಿದ್ದದ್ದು ಕಾಂಗ್ರೆಸ್ಸಿನ ಹೊರ ಬೆಂಬಲದ ಮೇಲೆ, ಆ ಬೆಂಬಲವೋ ಆಗಲೇ ಅಲ್ಲಾಡುತ್ತಿತ್ತು. ಹಣಕಾಸು ಸಚಿವ ಯಶವಂತ ಸಿನ್ಹಾ ಮಾರ್ಚ್ 4ರಂದು ಮಂಡಿಸಿದ್ದು ಬರೀ ಮಧ್ಯಂತರ ಬಜೆಟ್, ಅಂದರೆ ಕೆಲವು ತಿಂಗಳ ಖರ್ಚಿಗಷ್ಟೇ ಒಪ್ಪಿಗೆ ಕೇಳುವಂಥದ್ದು. ಎರಡೇ ದಿನಕ್ಕೆ, ಮಾರ್ಚ್ 6ರಂದು, ಚಂದ್ರಶೇಖರ್ ರಾಜೀನಾಮೆ ಕೊಟ್ಟರು. ರಾಜೀವ್ ಗಾಂಧಿ ಮನೆಯ ಹತ್ತಿರ ಹರಿಯಾಣದ ಇಬ್ಬರು ಪೊಲೀಸರು ಗೂಢಚಾರಿಕೆ ಮಾಡುತ್ತಿದ್ದರು ಎಂಬ ಜಗಳ ಅದಕ್ಕೆ ನೆಪ.

ಆಮೇಲೆ ಮೂರೂವರೆ ತಿಂಗಳು ಹಂಗಾಮಿ ಸರ್ಕಾರ. ಪೂರ್ಣ ಬಜೆಟ್ ಇಲ್ಲ, ಹಾಗಾಗಿ ಐಎಂಎಫ್ ಮುಂದಿನ ಮಾತಿಗೆ ಬರಲಿಲ್ಲ. ರೇಟಿಂಗ್ ಸಂಸ್ಥೆಗಳು ದೇಶದ ದರ್ಜೆ ಇಳಿಸಿದವು, ವಿದೇಶಿ ಬ್ಯಾಂಕುಗಳು ಅಲ್ಪಾವಧಿ ಸಾಲದ ನವೀಕರಣ ನಿಲ್ಲಿಸಿದವು. ಅನಿವಾಸಿ ಭಾರತೀಯರು ಠೇವಣಿ ಕೀಳಲಾರಂಭಿಸಿದರು. ಏಪ್ರಿಲ್‌ನಿಂದ ಜೂನ್ ವರೆಗೆ ಹೀಗೆ ಹೊರಹೋದದ್ದೇ ಸುಮಾರು 95 ಕೋಟಿ ಡಾಲರ್. ಆಮದಿಗೆ ಕಡಿವಾಣ ಹಾಕಲು ರಿಸರ್ವ್ ಬ್ಯಾಂಕು ಎಲ್‌ಸಿ (ಆಮದಿನ ಹಣ ಕೊಡುತ್ತೇವೆಂದು ಬ್ಯಾಂಕು ಬರೆದುಕೊಡುವ ಖಾತರಿ ಪತ್ರ) ತೆರೆಯುವವರು ಇಡಬೇಕಾದ ನಗದು ಮಾರ್ಜಿನ್ನನ್ನು ಏಪ್ರಿಲ್‌ನಲ್ಲಿ ಶೇ 200ಕ್ಕೆ ಏರಿಸಿತು. ಅಂದರೆ ಹತ್ತು ಲಕ್ಷ ರೂಪಾಯಿಯ ಬಿಡಿಭಾಗ ತರಿಸಬೇಕಾದ ಕಾರ್ಖಾನೆ ಇಪ್ಪತ್ತು ಲಕ್ಷ ನಗದು ಬ್ಯಾಂಕಿನಲ್ಲಿ ಕಟ್ಟಿ ಕೂರಬೇಕು. ಡಾಲರ್ ಉಳಿಯಿತು, ಜೊತೆಗೆ ಉತ್ಪಾದನೆಯೂ ಸೊರಗಿತು. ಜೂನ್ ಹೊತ್ತಿಗೆ ಬೊಕ್ಕಸದಲ್ಲಿದ್ದ ವಿದೇಶಿ ಹಣ ಎರಡು ಮೂರು ವಾರದ ಆಮದಿಗಷ್ಟೇ ಸಾಲುತ್ತಿತ್ತು.

ಈಗ ಚಿನ್ನದ ವಿಚಾರ. ಮೊದಲ ಕಂತು ಮೇ ತಿಂಗಳಿನದು. ಸರ್ಕಾರದ ಬಳಿ ಇದ್ದ, ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡ ಚಿನ್ನದಲ್ಲಿ 20 ಟನ್ನನ್ನು ಸ್ಟೇಟ್ ಬ್ಯಾಂಕಿಗೆ ಕೊಡಲಾಯಿತು. ಬ್ಯಾಂಕು ಅದನ್ನು ಯೂನಿಯನ್ ಬ್ಯಾಂಕ್ ಆಫ್ ಸ್ವಿಟ್ಜರ್ಲೆಂಡ್‌ಗೆ ಮಾರಿ ಸುಮಾರು 20 ಕೋಟಿ ಡಾಲರ್ ತಂದಿತು. ವಾಪಸು ಕೊಳ್ಳುವ ಹಕ್ಕನ್ನು ಉಳಿಸಿಕೊಂಡಿತ್ತು. ಕಾಗದದ ಮೇಲೆ ಇದು ಮಾರಾಟವೇ ಹೊರತು ಅಡವಲ್ಲ. ಎರಡನೆಯ ಕಂತು ಜುಲೈನದು, ಇದು ರಿಸರ್ವ್ ಬ್ಯಾಂಕಿನ ಸ್ವಂತ ಚಿನ್ನ: 46.91 ಟನ್. ಜುಲೈ 4ರಿಂದ 18ರ ನಡುವೆ ನಾಲ್ಕು ಸಲ ವಿಮಾನದಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಹೋಯಿತು. ಅದರ ಮೇಲೆ ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಸೇರಿ ಕೊಟ್ಟ ಸಾಲ 40.5 ಕೋಟಿ ಡಾಲರ್. ಚಿನ್ನ ಇಲ್ಲೇ ಇರಲಿ, ಪತ್ರ ಬರೆದುಕೊಡುತ್ತೇವೆ ಎಂದರೆ ಸಾಲ ಕೊಡುವವರು ಒಪ್ಪಲಿಲ್ಲ; ಗಿರವಿ ಅಂಗಡಿಯವನು ಒಡವೆ ಕೈಗೆ ಬರದೆ ದುಡ್ಡು ಎಣಿಸುತ್ತಾನೆಯೇ? ಇನ್ನೂ ಹೆಚ್ಚು ಕಳಿಸಲು ಕಾನೂನಿನ ಅಡ್ಡಿಯೂ ಇತ್ತು. ರಿಸರ್ವ್ ಬ್ಯಾಂಕ್ ಕಾಯ್ದೆಯ 33ನೇ ಕಲಂ ಪ್ರಕಾರ ಬ್ಯಾಂಕಿನ ಚಿನ್ನದಲ್ಲಿ ಇಪ್ಪತ್ತರಲ್ಲಿ ಹದಿನೇಳು ಪಾಲು ದೇಶದೊಳಗೇ ಇರಬೇಕು. ಹೊರಗಿಡಬಹುದಾದದ್ದು ಶೇ 15 ಮಾತ್ರ.

ಪರೀಕ್ಷೆಯಲ್ಲಿ ಎಡವುವ ಜಾಗ ಇದೇ. 20 ಟನ್ ಹೋದದ್ದು ಚಂದ್ರಶೇಖರ್ ಕಾಲದಲ್ಲಿ, 47 ಟನ್ ನರಸಿಂಹರಾವ್ ಕಾಲದಲ್ಲಿ. ಎರಡನ್ನೂ ಕೂಡಿಸಿ "67 ಟನ್ ಅಡವಿಟ್ಟರು" ಎನ್ನುವುದು ಕೇಳಲು ಚೆನ್ನ. ಆದರೆ ಚಿನ್ನದ ಒಡೆಯರೂ ಬೇರೆ, ವ್ಯವಹಾರದ ಬಗೆಯೂ ಬೇರೆ. ಬ್ಯಾಂಕ್ ಆಫ್ ಇಂಗ್ಲೆಂಡ್ ಬಳಿಯ ಸಾಲವನ್ನು ಅದೇ ವರ್ಷ ತೀರಿಸಲಾಯಿತು.

ಈ ಎರಡು ಕಂತುಗಳ ನಡುವೆ ಚುನಾವಣೆ. ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್. ಮೇ 20ರಂದು ಮೊದಲ ಸುತ್ತಿನ ಮತದಾನ ಮುಗಿಯಿತು. ಮರುದಿನ ರಾತ್ರಿ ಶ್ರೀಪೆರಂಬುದೂರಿನ ಪ್ರಚಾರ ಸಭೆಯಲ್ಲಿ ಶ್ರೀಲಂಕಾದ ತಮಿಳು ಉಗ್ರ ಸಂಘಟನೆ ಎಲ್‌ಟಿಟಿಇಯ ಆತ್ಮಾಹುತಿ ಬಾಂಬಿಗೆ ರಾಜೀವ್ ಗಾಂಧಿ ಬಲಿಯಾದರು. ಉಳಿದ ಮತದಾನ ಜೂನ್ 12 ಮತ್ತು 15ಕ್ಕೆ ಹೋಯಿತು. ಹತ್ಯೆಗೆ ಮೊದಲು ಮತ ಹಾಕಿದ ಕ್ಷೇತ್ರಗಳಿಗಿಂತ ಆಮೇಲೆ ಹಾಕಿದ ಕಡೆ ಕಾಂಗ್ರೆಸ್ಸಿಗೆ ಫಲ ಚೆನ್ನಾಗಿ ಬಂತು. ಒಟ್ಟು 232 ಸ್ಥಾನ, ಬಹುಮತಕ್ಕೆ ಕಡಿಮೆ. ಕೆಲವು ಕಡೆ 244 ಎಂದು ಕಾಣುತ್ತದೆ, ಅದೂ ತಪ್ಪಲ್ಲ: ಜೂನ್ 22ಕ್ಕಿದ್ದ ಪಂಜಾಬಿನ ಮತದಾನವನ್ನು ಹಿಂದಿನ ದಿನ ಮುಂದೂಡಿ 1992ರ ಫೆಬ್ರುವರಿಯಲ್ಲಿ ನಡೆಸಿದರು, ಅಲ್ಲಿ ಬಂದ 12 ಸೇರಿದರೆ 244. ಕರ್ನಾಟಕದ 28ರಲ್ಲಿ ಕಾಂಗ್ರೆಸ್ಸಿಗೆ 23, ಬಿಜೆಪಿಗೆ 4. ಈ ರಾಜ್ಯದಿಂದ ಬಿಜೆಪಿ ಲೋಕಸಭೆಗೆ ಹೋದದ್ದು ಅದೇ ಮೊದಲು. ಆ ನಾಲ್ವರಲ್ಲಿ ಬೆಂಗಳೂರು ದಕ್ಷಿಣದ ಕೆ. ವೆಂಕಟಗಿರಿಗೌಡರು ಸ್ವತಃ ಅರ್ಥಶಾಸ್ತ್ರಜ್ಞರು ಎಂಬುದು ಆ ವರ್ಷಕ್ಕೆ ಒಪ್ಪುವ ವಿಚಾರ.

ಹತ್ಯೆಯ ತನಿಖೆಯ ಕೊನೆಯ ಅಂಕವೂ ನಮ್ಮಲ್ಲೇ ನಡೆಯಿತು. ವಿಶೇಷ ತನಿಖಾ ದಳದ ಮುಖ್ಯಸ್ಥ ಡಿ.ಆರ್. ಕಾರ್ತಿಕೇಯನ್ ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ. ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ್ದ ಹತ್ಯೆಯ ಸಂಚಿನ ರೂವಾರಿ ಶಿವರಾಸನ್, ಅವನ ಜೊತೆಗಾತಿ ಶುಭಾ ಮತ್ತು ಇನ್ನೈವರು ಆಗಸ್ಟ್ 20ರ ಬೆಳಗ್ಗೆ ಕಮಾಂಡೋಗಳು ಒಳಹೊಕ್ಕಾಗ ಶವವಾಗಿದ್ದರು. ಅಂದು ರಾಜೀವ್ ಹುಟ್ಟಿದ ದಿನ.

ಜೂನ್ 21ರಂದು ಪಿ.ವಿ. ನರಸಿಂಹರಾವ್ ಪ್ರಮಾಣವಚನ ಸ್ವೀಕರಿಸಿದರು, ಮನಮೋಹನ್ ಸಿಂಗ್ ಹಣಕಾಸು ಸಚಿವರಾದರು. ಹತ್ತೇ ದಿನಕ್ಕೆ ರೂಪಾಯಿ ಅಪಮೌಲ್ಯ, ಅದೂ ಎರಡು ಹೆಜ್ಜೆಯಲ್ಲಿ. ಡಾಲರಿಗೆ 21.14 ರೂಪಾಯಿ ಇದ್ದದ್ದು ಜುಲೈ 1ರಂದು 23.04 ಆಯಿತು, ಜುಲೈ 3ರಂದು 25.95. ಮೊದಲ ಹೆಜ್ಜೆಗೆ ಮಾರುಕಟ್ಟೆ ಹೇಗೆ ಪ್ರತಿಕ್ರಿಯಿಸುತ್ತದೆ ನೋಡಿ ಎರಡನೆಯದು ಇಡುವುದು ಲೆಕ್ಕಾಚಾರ. ಇನ್ನು ನಿಮ್ಮ ಶೇಕಡಾವಾರು. ಡಾಲರ್ ಎಷ್ಟು ತುಟ್ಟಿಯಾಯಿತು ಎಂದು ಕೇಳಿದರೆ 4.81ನ್ನು 21.14ರಿಂದ ಭಾಗಿಸಬೇಕು, ಶೇ 22.8 ಬರುತ್ತದೆ. ರೂಪಾಯಿ ಎಷ್ಟು ಬೆಲೆ ಕಳೆದುಕೊಂಡಿತು ಎಂದರೆ ಅದೇ 4.81ನ್ನು 25.95ರಿಂದ ಭಾಗಿಸಿ, ಶೇ 18.5. ಪ್ರಶ್ನೆಪತ್ರಿಕೆ ಸಾಮಾನ್ಯವಾಗಿ ಕೇಳುವುದು ಎರಡನೆಯದನ್ನು.

ಜುಲೈ 24ಕ್ಕೆ ಒಂದೇ ದಿನ ಎರಡು ದಾಖಲೆ ಬಂದವು, ಇವನ್ನು ಬೆರೆಸಬೇಡಿ. ಸಂಸತ್ತಿನಲ್ಲಿ ಮೊದಲು ಮಂಡನೆಯಾದದ್ದು ಕೈಗಾರಿಕಾ ನೀತಿ: 18 ಉದ್ಯಮಗಳನ್ನು ಬಿಟ್ಟು ಉಳಿದವಕ್ಕೆ ಲೈಸೆನ್ಸ್ ಬೇಡ, ಸರ್ಕಾರಿ ವಲಯಕ್ಕೇ ಮೀಸಲಾಗಿದ್ದ ಕ್ಷೇತ್ರಗಳು 17ರಿಂದ 8ಕ್ಕೆ, ಆದ್ಯತೆಯ ಉದ್ಯಮಗಳಲ್ಲಿ ಶೇ 51ರ ತನಕ ವಿದೇಶಿ ಬಂಡವಾಳಕ್ಕೆ ತಾನಾಗಿಯೇ ಒಪ್ಪಿಗೆ. ಲೈಸೆನ್ಸ್ ರಾಜ್ ಮುಗಿಸಿದ್ದು ಈ ದಾಖಲೆ. ಸಂಜೆಯ ಬಜೆಟ್ ಕೈಹಾಕಿದ್ದು ಜನರ ಜೇಬಿಗೆ. ಪೆಟ್ರೋಲ್ ಮತ್ತು ಅಡುಗೆ ಅನಿಲ ಶೇ 20ರಷ್ಟು, ಪಡಿತರದ ಸಕ್ಕರೆ ಕಿಲೋಗೆ 85 ಪೈಸೆ, ರಸಗೊಬ್ಬರ ಶೇ 40ರಷ್ಟು ತುಟ್ಟಿಯಾದವು. ಗೊಬ್ಬರದ ವಿಷಯಕ್ಕೆ ಸ್ವಪಕ್ಷದವರೇ ತಿರುಗಿಬಿದ್ದದ್ದರಿಂದ ಆಗಸ್ಟ್‌ನಲ್ಲಿ ಅದನ್ನು ಶೇ 30ಕ್ಕೆ ಇಳಿಸಿ, ಸಣ್ಣ ಮತ್ತು ಅತಿಸಣ್ಣ ರೈತರಿಗೆ ವಿನಾಯಿತಿ ಕೊಟ್ಟರು. ಬಹುಮತವಿಲ್ಲದ ಸರ್ಕಾರ ಎಲ್ಲಿ ಬಗ್ಗಿತು ಎಂದು ತೋರಿಸುವ ಅಂಕಿ ಇದು. ಅಂದಹಾಗೆ ಬೆಂಗಳೂರಿನ ಸಾಫ್ಟ್‌ವೇರ್ ರಫ್ತಿಗೆ ನೆಲೆಯಾದ ಎಸ್‌ಟಿಪಿಐ (ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್‌ಗಳನ್ನು ನಡೆಸುವ ಕೇಂದ್ರ ಸರ್ಕಾರಿ ಸಂಸ್ಥೆ) ಸ್ಥಾಪನೆಯಾದದ್ದು ಜೂನ್ 5ರಂದು, ಹಂಗಾಮಿ ಸರ್ಕಾರ ಇದ್ದಾಗಲೇ.

ಇನ್ನು ಕಾವೇರಿ. ಆರ್ಥಿಕ ಪುಸ್ತಕಗಳು ಇದನ್ನು ಬಿಟ್ಟೇಬಿಡುತ್ತವೆ, ಕನ್ನಡದಲ್ಲಿ 1991 ಬರೆಯುವವರು ಬಿಡುವಂತಿಲ್ಲ. ಜೂನ್ 24ರಂದು ಜಯಲಲಿತಾ ಮೊದಲ ಬಾರಿ ತಮಿಳುನಾಡಿನ ಮುಖ್ಯಮಂತ್ರಿಯಾದರು. ಮರುದಿನವೇ ಕಾವೇರಿ ನೀರಿನ ಹಂಚಿಕೆ ತೀರ್ಮಾನಿಸಲು ಕೇಂದ್ರ ನೇಮಿಸಿದ್ದ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂತು: ಜೂನ್‌ನಿಂದ ಮೇ ತನಕದ ವರ್ಷದಲ್ಲಿ ತಮಿಳುನಾಡಿನ ಮೆಟ್ಟೂರು ಅಣೆಕಟ್ಟೆಗೆ 205 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ತಲುಪಬೇಕು, ಕರ್ನಾಟಕ ತನ್ನ ನೀರಾವರಿಯನ್ನು 11.2 ಲಕ್ಷ ಎಕರೆ ದಾಟಿಸಬಾರದು. 205 ಬಂದದ್ದು 1980-81ರಿಂದ 1989-90ರ ತನಕ ಮೆಟ್ಟೂರಿಗೆ ಹರಿದುಬಂದ ನೀರಿನ ಸರಾಸರಿಯಿಂದ, ವಿಪರೀತದ ವರ್ಷಗಳನ್ನು ಕೈಬಿಟ್ಟು. ಆದರೆ ವರ್ಷದ ಮೊತ್ತಕ್ಕಿಂತ ಬಿಗಿಯಾಗಿದ್ದದ್ದು ತಿಂಗಳ ಪಟ್ಟಿ. ಜೂನ್‌ಗೆ 10.16, ಜುಲೈಗೆ 42.76, ಆಗಸ್ಟ್‌ಗೆ 54.72, ಅದನ್ನೂ ವಾರದ ಕಂತುಗಳಲ್ಲಿ. ದಿನಕ್ಕೆ ಒಂದು ಟಿಎಂಸಿ ಎಂದರೆ 11,574 ಕ್ಯುಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ. ಆ ಲೆಕ್ಕದಲ್ಲಿ ಜುಲೈನ ಪಾಲು ಪ್ರತಿದಿನ ಸುಮಾರು 16,000 ಕ್ಯುಸೆಕ್, ಆಗಸ್ಟ್‌ನದು 20,000ಕ್ಕೂ ಮೇಲೆ. ಕನ್ನಂಬಾಡಿ ಕಟ್ಟೆ ತುಂಬಿದರೆ 49.45 ಟಿಎಂಸಿ. ಈ ಎರಡೇ ತಿಂಗಳ ಪಾಲು ಅದರ ಹೆಚ್ಚುಕಡಿಮೆ ಎರಡರಷ್ಟು. ಕಬಿನಿಯ ನೀರೂ ಅಣೆಕಟ್ಟೆಗಳ ಕೆಳಗೆ ಬೀಳುವ ಮಳೆಯೂ ಇದರಲ್ಲಿ ಸೇರುತ್ತದೆ, ನಿಜ. ಆದರೂ ಕೊಡಗಿನಲ್ಲಿ ಮುಂಗಾರು ಮೂರು ವಾರ ತಡವಾದರೆ ಪಟ್ಟಿ ಪಾಲಿಸಲು ಕಟ್ಟೆಯಲ್ಲಿ ನೀರೇ ಇರುವುದಿಲ್ಲ. ಮಳೆ ಕೊರತೆಯ ವರ್ಷಕ್ಕೆ ಹಂಚಿಕೆ ಹೇಗೆ ಎಂಬುದು ಆದೇಶದಲ್ಲಿ ಸ್ಪಷ್ಟವಿರಲಿಲ್ಲ. 1995ರ ಜಗಳ ಎದ್ದದ್ದು ಆ ಸಂದಿಯಿಂದಲೇ.

ಕರ್ನಾಟಕದ ಮುಖ್ಯಮಂತ್ರಿ ಬಂಗಾರಪ್ಪ ಆ ಆದೇಶವನ್ನು ತಳ್ಳಿಹಾಕಲು ಜುಲೈ 25ರಂದು ಸುಗ್ರೀವಾಜ್ಞೆ ತಂದರು. ಮನಮೋಹನ್ ಸಿಂಗ್ ಬಜೆಟ್ ಓದಿದ ಮರುದಿನ. ಎರಡು ದಿನ ಬಿಟ್ಟು ರಾಷ್ಟ್ರಪತಿ ಸಂವಿಧಾನದ 143ನೇ ವಿಧಿಯಡಿ ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಸುಗ್ರೀವಾಜ್ಞೆ ಅಸಾಂವಿಧಾನಿಕ ಎಂದು ಕೋರ್ಟು ನವೆಂಬರ್ 22ರಂದು ಹೇಳಿತು. ಡಿಸೆಂಬರ್ 10ರಂದು ಮಧ್ಯಂತರ ಆದೇಶ ಕೇಂದ್ರದ ಗೆಜೆಟ್ಟಿನಲ್ಲಿ ಪ್ರಕಟವಾಯಿತು. 12 ಮತ್ತು 13ರಂದು ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆ, ಲೂಟಿ, ಬೆಂಕಿ ನಡೆದವು. ಗೋಲಿಬಾರ್ ಆಯಿತು, ಜೀವಗಳು ಹೋದವು, ಸಾವಿರಾರು ಜನ ಊರು ಬಿಟ್ಟರು. ಇದನ್ನು ಬರೀ "ಕಾವೇರಿ ಚಳವಳಿ" ಎಂದು ಬರೆದು ಮುಂದೆ ಹೋಗುವುದು ಸರಿಯಲ್ಲ. ಬಂದ್ ಬೇರೆ, ಗಲಭೆ ಬೇರೆ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮಾರ್ಚ್ 1ಕ್ಕೆ ಜನಗಣತಿ, ಸುಮಾರು 84.6 ಕೋಟಿ ಜನ, ಸಾಕ್ಷರತೆ ಶೇ 52.2. ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ರಾಜ್ಯ ಎಂಬ ಘೋಷಣೆ. ಸೆಪ್ಟೆಂಬರ್‌ನಲ್ಲಿ ಪೂಜಾ ಸ್ಥಳಗಳ ಕಾಯ್ದೆ. ಅಕ್ಟೋಬರ್ 20ರ ನಸುಕಿನಲ್ಲಿ ಉತ್ತರಕಾಶಿಯ ಭೂಕಂಪ, 750ಕ್ಕೂ ಹೆಚ್ಚು ಸಾವು. ನವೆಂಬರ್ 10 ಎರಡು ಕಾರಣಕ್ಕೆ ನೆನಪಿಡಬಹುದು: ವರ್ಣಭೇದದ ಬಹಿಷ್ಕಾರ ಮುಗಿಸಿ ಬಂದ ದಕ್ಷಿಣ ಆಫ್ರಿಕಾ ಅಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಆಡಿತು, ಅದೇ ದಿನ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಕೊಂದ.

ಡಿಸೆಂಬರ್ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದು ಪರದೇಶದ ಸುದ್ದಿ ಎಂದುಕೊಂಡರೆ ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಬೆಳೆಗಾರರು ಒಪ್ಪುವುದಿಲ್ಲ. ನಮ್ಮ ಕಾಫಿಗೆ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ, ಅದೂ ಡಾಲರ್ ಕೇಳದ ರೂಪಾಯಿ ವ್ಯಾಪಾರದಲ್ಲಿ. ಬೆಳೆಗಾರ ಬೆಳೆಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೇ (ಎಲ್ಲರ ಬೆಳೆ ಒಟ್ಟು ಸೇರಿಸಿ ಬೋರ್ಡು ಮಾರುವ ಸಂಗ್ರಹಕ್ಕೆ) ಹಾಕಬೇಕು, ಹಣ ಕಂತಿನಲ್ಲಿ ಬರಬೇಕು ಎಂಬ ಪದ್ಧತಿಗೆ ಆ ಗಿರಾಕಿಯೂ ಒಂದು ಆಧಾರವಾಗಿತ್ತು. 1992ರಿಂದ ಪೂಲ್ ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನಗೆ ಬೇಕಾದವರಿಗೆ ಪೂರ್ತಿ ಬೆಳೆ ಮಾರುವಂತಾಯಿತು.