ದೆವ್ವ ಬರೆದವರು ಯುದ್ಧ ಮರೆತಿರಲಿಲ್ಲ, ಮೇಷ್ಟ್ರೇ

(ಹೋದ ಸಂಚಿಕೆಯಲ್ಲಿ ಜಪಾನಿನ ಮಾಂಗಾ (ಅಲ್ಲಿನ ಕಾಮಿಕ್ಸ್) ಕಲಾವಿದ ಶಿಗೆರು ಮಿಜುಕಿ ಬಗ್ಗೆ ಒಂದು ಪುಟ ಬಂದಿತ್ತು. ಅದನ್ನು ಓದಿದ ಶಿವಮೊಗ್ಗ ಕಡೆಯ ಡ್ರಾಯಿಂಗ್ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಅದರ ತಿರುಳು ಇಷ್ಟು: "ನಲವತ್ತು ದಾಟುವವರೆಗೂ ಹೊಟ್ಟೆಗಿಲ್ಲದೆ ಚಿತ್ರ ಬಿಡಿಸಿದರು, ಆಮೇಲೆ ಗೆದ್ದರು ಅಂತ ಬರೆದಿದ್ದೀರಿ. ಹಟ ಬಿಡದಿದ್ದರೆ ಒಂದಲ್ಲ ಒಂದಿನ ಗೆಲ್ತೀವಿ ಅಂತ ನನ್ನ ಹುಡುಗರು ನಂಬಿಕೊಂಡರೆ ಯಾರು ಹೊಣೆ? ಇನ್ನೊಂದು ಮಾತು. ಯುದ್ಧದಲ್ಲಿ ಕೈ ಕಳೆದುಕೊಂಡ ಮನುಷ್ಯ ಯುದ್ಧದ ಕತೆ ಬಿಟ್ಟು ಜೀವನವಿಡೀ ಮಕ್ಕಳ ದೆವ್ವದ ಕತೆ ಯಾಕೆ ಬರೆದರು?")

ಮೇಷ್ಟ್ರೇ,

ಹಟದ ಬಗ್ಗೆ ನಿಮ್ಮ ಅಂಜಿಕೆ ನ್ಯಾಯವಾದದ್ದೇ. 'ಬಿಡದೆ ಹಿಡಿದರು, ಗೆದ್ದರು' ಅಂದರೆ ಕೇಳೋಕೆ ಚೆನ್ನ. ಮಿಜುಕಿ ಬದುಕಿನಲ್ಲಿ ನಡೆದದ್ದೇ ಬೇರೆ. ಅವರು ಹತ್ತಿದ ದೋಣಿಗಳು ಒಂದಾದ ಮೇಲೊಂದು ಮುಳುಗಿದವು. ಪ್ರತಿ ಸಲವೂ ಒಂದೇ ಗಂಟು ಹೊತ್ತುಕೊಂಡು ಮುಂದಿನ ದೋಣಿಗೆ ಹಾರಿದರು. ಆ ಗಂಟಿನಲ್ಲಿದ್ದವನು ಕಿತಾರೊ, ಸ್ಮಶಾನದಲ್ಲಿ ಹುಟ್ಟಿದ ಒಕ್ಕಣ್ಣಿನ ದೆವ್ವದ ಹುಡುಗ.

1946ರಲ್ಲಿ ಯುದ್ಧದಿಂದ ವಾಪಸು ಬಂದಾಗ ಅವರಿಗೆ 24 ವರ್ಷ, ಎಡಗೈ ಇಲ್ಲ. ಕಲಾಶಾಲೆಗೆ ಸೇರಿದರು, ಬಿಟ್ಟರು. ಮೀನು ಮಾರಿದರು. ಕೋಬೆಯಲ್ಲಿ ಸಾಲ ಮಾಡಿ ಒಂದು ವಠಾರ ಕೊಂಡು ಬಾಡಿಗೆಗೆ ಕೊಟ್ಟರು. ಆ ವಠಾರಕ್ಕೆ ಮಿಜುಕಿ ಅಂತ ಹೆಸರು. ಇವರ ನಿಜವಾದ ಹೆಸರು ಶಿಗೆರು ಮುರಾ. ಪರಿಚಯದವರು ವಠಾರದ ಹೆಸರಿನಿಂದಲೇ ಕರೆದೂ ಕರೆದೂ ಕೊನೆಗೆ ಅದೇ ಗಟ್ಟಿಯಾಯಿತು.

ಮೊದಲ ದೋಣಿ ಕಾಮಿಶಿಬಾಯಿ. ಸೈಕಲ್ಲಿನ ಹಿಂದೆ ಮರದ ಚೌಕಟ್ಟು ಕಟ್ಟಿಕೊಂಡು ಒಬ್ಬ ಬೀದಿಗೆ ಬರುತ್ತಾನೆ. ಮಕ್ಕಳಿಗೆ ಮಿಠಾಯಿ ಮಾರುತ್ತಾನೆ, ಚೌಕಟ್ಟಿನಲ್ಲಿ ಒಂದೊಂದೇ ಚಿತ್ರ ಎಳೆಯುತ್ತಾ ಕತೆ ಹೇಳುತ್ತಾನೆ. ಕತೆ ನಾಳೆಗೂ ಮುಂದುವರಿಯುತ್ತದೆ. ಆ ಚಿತ್ರಗಳನ್ನು ಬಿಡಿಸಿಕೊಡೋದು ಮಿಜುಕಿಯ ಕೆಲಸ. ಸ್ಮಶಾನದ ಹುಡುಗನ ಕತೆ 1930ರ ದಶಕದಿಂದಲೇ ಬೀದಿಯಲ್ಲಿತ್ತು. 1954ರಲ್ಲಿ ಮಿಜುಕಿ ಅದನ್ನು ತೆಗೆದುಕೊಂಡು ತಮ್ಮದೇ ರೀತಿಯಲ್ಲಿ ಬೆಳೆಸತೊಡಗಿದರು. ಅಷ್ಟರಲ್ಲಿ ಜಪಾನಿನಲ್ಲಿ ಟಿವಿ ಶುರುವಾಗಿತ್ತು. ಕೆಲವೇ ವರ್ಷಗಳಲ್ಲಿ ಸೈಕಲ್ಲಿನವನ ಸುತ್ತ ಮಕ್ಕಳು ಸೇರೋದು ಕಡಿಮೆಯಾಯಿತು. 1957ರಲ್ಲಿ ಮಿಜುಕಿ ಟೋಕಿಯೋಗೆ ಹೋದರು.

ಅಲ್ಲಿ ಸಿಕ್ಕಿದ ಎರಡನೇ ದೋಣಿ ಬಾಡಿಗೆ ಪುಸ್ತಕ. ಕೊಳ್ಳಲು ಕಾಸಿಲ್ಲದವರು ಓದಿ ವಾಪಸು ಕೊಡುವ ಮಾಂಗಾ. ನಮ್ಮಲ್ಲೂ ಸರ್ಕ್ಯುಲೇಟಿಂಗ್ ಲೈಬ್ರರಿಗಳಿದ್ದವಲ್ಲ, ಹೆಚ್ಚುಕಡಿಮೆ ಹಾಗೆ. ಆದರೆ ಅಲ್ಲಿ ಈ ಅಂಗಡಿಗಳಿಗೆಂದೇ ಪುಸ್ತಕ ಬರೆಸುವ ಸಣ್ಣ ಪ್ರಕಾಶಕರಿದ್ದರು. 1958ರಲ್ಲಿ ಅಲ್ಲಿ ಮಿಜುಕಿಯ ಮೊದಲ ಪುಸ್ತಕ, 1960ರಲ್ಲಿ ಕಿತಾರೊ. ಪ್ರಕಾಶಕರದ್ದೂ ದಿನ ಎಣಿಸುವ ಬಾಳೇ. ಪುಟ ತೆಗೆದುಕೊಂಡು ಹೋದರೆ ಒಪ್ಪಿದ್ದಕ್ಕಿಂತ ಕಡಿಮೆ ದುಡ್ಡು, ಕೆಲವು ಸಲ ಅದೂ ಇಲ್ಲ.

1961ರ ಜನವರಿಯಲ್ಲಿ ಮದುವೆ. ಹಿರಿಯರು ನೋಡಿ ಮಾಡಿದ್ದು. ಹುಡುಗ ಹುಡುಗಿ ಮುಖ ನೋಡಿದ ಐದನೇ ದಿನಕ್ಕೆ ಮದುವೆಯೂ ಮುಗಿದಿತ್ತು. ಅವರಿಗೆ 38, ನುನೊಯೆ ಅವರಿಗೆ 29. ಆ ಮನೆಯ ಕತೆಯನ್ನು ನುನೊಯೆ 2008ರಲ್ಲಿ ಪುಸ್ತಕ ಮಾಡಿದರು. 2010ರಲ್ಲಿ ಅಲ್ಲಿನ ಸಾರ್ವಜನಿಕ ಟಿವಿ ಎನ್‌ಎಚ್‌ಕೆ ಅದನ್ನು ಬೆಳಗಿನ ಧಾರಾವಾಹಿ ಮಾಡಿತು, ಇಡೀ ಜಪಾನು ನೋಡಿತು. ಗಂಡ ಒಂದೇ ಕೈಯಲ್ಲಿ ಗೆರೆ ಎಳೆಯುವುದು, ಹೆಂಡತಿ ಕಪ್ಪು ತುಂಬುವುದು. ಅಗ್ಗಕ್ಕೆ ಸಿಗುವ, ಸಿಪ್ಪೆ ಕಪ್ಪಾದ ಬಾಳೆಹಣ್ಣು ತಿನ್ನುವುದು. ಇಷ್ಟು ಕಮ್ಮಿ ವರಮಾನದಲ್ಲಿ ಯಾರೂ ಬದುಕೋಕೆ ಸಾಧ್ಯವಿಲ್ಲ, ಎಲ್ಲೋ ಮುಚ್ಚಿಟ್ಟಿದ್ದೀರಿ ಅಂತ ತೆರಿಗೆಯವರು ಒಂದು ದಿನ ಮನೆಗೇ ಬಂದರು. ಮಿಜುಕಿ ಗಿರವಿ ಅಂಗಡಿಯ ಚೀಟಿಗಳ ಕಟ್ಟು ತಂದು ಅವರ ಮುಂದೆ ಹಾಕಿದರು.

ಇಲ್ಲಿ ನಿಮ್ಮ ಹುಡುಗರಿಗೆ ಹೇಳಬೇಕಾದದ್ದೊಂದಿದೆ. ಅದೇ ಬಾಡಿಗೆ ಪುಸ್ತಕದಲ್ಲಿ ಅಷ್ಟೇ ಹಟದಿಂದ ಕೂತಿದ್ದ ಎಷ್ಟೋ ಕಲಾವಿದರ ಹೆಸರು ಇವತ್ತು ಯಾರಿಗೂ ಗೊತ್ತಿಲ್ಲ. ಹಟ ಎಲ್ಲರಲ್ಲೂ ಇತ್ತು. ಮಿಜುಕಿಗೆ ಹೊರಗಿನಿಂದ ಎರಡು ಬಾಗಿಲು ತೆರೆದವು. 1964ರಲ್ಲಿ ಕತ್ಸುಇಚಿ ನಾಗಾಯ್ 'ಗಾರೊ' ಅನ್ನುವ ಪತ್ರಿಕೆ ಶುರುಮಾಡಿ ಬಾಡಿಗೆ ಪುಸ್ತಕದ ಕಲಾವಿದರಿಗೆ ಜಾಗ ಕೊಟ್ಟರು. ಅದೇ ಹೊತ್ತಿಗೆ ದೊಡ್ಡ ಪ್ರಕಾಶನ ಸಂಸ್ಥೆ ಕೊದಾನ್ಶಾದವರು ಮನೆ ಬಾಗಿಲಿಗೆ ಬಂದರು. ಬಾಹ್ಯಾಕಾಶದ ಕತೆ ಕೊಡಿ ಅಂದರು. ಅದು ನನಗೆ ಬರಲ್ಲ ಅಂತ ಮಿಜುಕಿ ಕಳಿಸಿಬಿಟ್ಟರು! ಮನೆಯಲ್ಲಿ ಅಕ್ಕಿಗೆ ತತ್ವಾರ ಇದ್ದಾಗ ಈ ಮಾತು. ನನಗೆ ಅವರ ಇಡೀ ವೃತ್ತಿಯಲ್ಲಿ ದೊಡ್ಡದಾಗಿ ಕಾಣೋದು ಇದೇ. ಆಮೇಲೆ ನಿಮಗೆ ತೋಚಿದ್ದು ಬರೆಯಿರಿ ಅಂತ ಮತ್ತೆ ಬಂದಾಗ ಕೊಟ್ಟದ್ದು 'ತೆರೆಬಿ-ಕುನ್'. ಟಿವಿಯ ಪರದೆಯೊಳಗೆ ನುಗ್ಗಿ ಜಾಹೀರಾತಿನ ಸಾಮಾನು ಎತ್ತಿಕೊಂಡು ಬರುವ ಹುಡುಗನ ಕತೆ. ಅನ್ನ ಕಿತ್ತುಕೊಂಡ ಟಿವಿಯಿಂದಲೇ ಕದ್ದು ತರುವ ಹುಡುಗ! ಅದಕ್ಕೆ 1965ರಲ್ಲಿ ಕೊದಾನ್ಶಾದ ಮಕ್ಕಳ ಮಾಂಗಾ ಪ್ರಶಸ್ತಿ ಬಂತು. ಮಿಜುಕಿಗೆ ಆಗ 43.

ಅದೇ ವರ್ಷ ಕಿತಾರೊ 'ಶೋನೆನ್ ಮ್ಯಾಗಜೀನ್' ವಾರಪತ್ರಿಕೆಗೆ ಬಂದ. ಹಳೆಯ ಹೆಸರಿನಲ್ಲಿದ್ದ 'ಸ್ಮಶಾನ' ಹಾಗೇ ಇದ್ದರೆ ಟಿವಿ ಪ್ರಾಯೋಜಕರು ಹತ್ತಿರ ಬರಲ್ಲ ಅಂತ 'ಗೆಗೆಗೆ ನೊ ಕಿತಾರೊ' ಅಂತಾಯಿತು. 1968ರ ಜನವರಿಯಲ್ಲಿ ಟಿವಿಗೂ ಹೋಯಿತು. ಅಲ್ಲಿಂದ 2018ರವರೆಗೆ ಆರು ಸಲ ಹೊಸದಾಗಿ ಟಿವಿ ಸರಣಿ ಮಾಡಿದ್ದಾರೆ. ದೆವ್ವಗಳಿಗೆ ಶಾಲೆಯೂ ಇಲ್ಲ, ಪರೀಕ್ಷೆಯೂ ಇಲ್ಲ ಅನ್ನುವ ಅದರ ಹಾಡನ್ನು ಬರೆದವರು ಮಿಜುಕಿಯೇ. ಇದನ್ನು ತರಗತಿಯಲ್ಲಿ ಹೇಳೋದು ಬಿಡೋದು ನಿಮ್ಮಿಷ್ಟ.

ಈಗ ನಿಮ್ಮ ಎರಡನೇ ಪ್ರಶ್ನೆ. ಯುದ್ಧ ಬಿಟ್ಟು ದೆವ್ವ ಯಾಕೆ?

ಬಿಡಲಿಲ್ಲ, ಮೇಷ್ಟ್ರೇ. 1943ರಲ್ಲಿ ಅವರನ್ನು ಸೈನ್ಯಕ್ಕೆ ಎಳೆದುಕೊಂಡು ಹೋಗಿ ಈಗಿನ ಪಪುವಾ ನ್ಯೂಗಿನಿಯ ನ್ಯೂ ಬ್ರಿಟನ್ ದ್ವೀಪಕ್ಕೆ ಹಾಕಿದರು. ಬೆಳಗಿನ ಜಾವ ಇವರು ಕಾವಲಿನಲ್ಲಿದ್ದಾಗ ಶಿಬಿರದ ಮೇಲೆ ದಾಳಿ ಆಯಿತು. ಜೊತೆಯವರು ಸತ್ತರು. ಇವರು ಕಾಡು, ಸಮುದ್ರ ಹಾದು ಬರಿಮೈಯಲ್ಲಿ ಸೈನ್ಯದ ನೆಲೆಗೆ ಬಂದು ಬಿದ್ದರು. ಅಲ್ಲಿನ ಮೇಲಧಿಕಾರಿ ಕೇಳಿದ್ದು, ಎಲ್ಲರೂ ಸತ್ತಿರುವಾಗ ನೀನ್ಯಾಕೆ ಬದುಕಿ ಬಂದೆ ಅಂತ. ಆಮೇಲೆ ಮಲೇರಿಯಾ. ಮಲಗಿದ್ದಾಗ ವಿಮಾನದ ಬಾಂಬು ಬಿದ್ದು ಎಡಗೈ ಹೋಯಿತು.

ಹಾಗೆ ಓಡಿ ಬರುವಾಗ ರಾತ್ರಿ ಕಾಡಿನಲ್ಲಿ ಏನೋ ಗೋಡೆಯಂಥದ್ದು ಅಡ್ಡ ನಿಂತು, ಎಷ್ಟು ತಳ್ಳಿದರೂ ಮುಂದೆ ಹೋಗಲಾಗಲಿಲ್ಲ ಅಂತ ಮಿಜುಕಿ ಹೇಳಿಕೊಂಡಿದ್ದಾರೆ. ಜಪಾನಿನ ಕ್ಯೂಶೂ ಕಡೆ ಇದಕ್ಕೆ ನುರಿಕಬೆ ಅನ್ನುತ್ತಾರೆ. ರಾತ್ರಿ ದಾರಿಹೋಕರನ್ನು ತಡೆಯುವ, ಕಣ್ಣಿಗೆ ಕಾಣದ ಗೋಡೆ. ಜಾನಪದ ವಿದ್ವಾಂಸ ಕುನಿಯೊ ಯಾನಾಗಿತಾ ಹಳ್ಳಿಗಳಿಂದ ಇಂಥ ಹೆಸರುಗಳನ್ನು ಸಂಗ್ರಹಿಸಿದ್ದರು. ಎಷ್ಟೋ ದೆವ್ವಗಳಿಗೆ ಬರೀ ಹೆಸರು, ಎರಡು ಸಾಲಿನ ವಿವರ ಅಷ್ಟೇ. ಅವಕ್ಕೆ ಮೈ, ಮುಖ, ಕಣ್ಣು ಕೊಟ್ಟವರು ಮಿಜುಕಿ. ಇವತ್ತು ಜಪಾನಿನ ಮಗು ನುರಿಕಬೆ ಅಂದರೆ ಸಣ್ಣ ಕಣ್ಣಿನ, ಗಿಡ್ಡ ಕಾಲಿನ ದೊಡ್ಡ ಬೂದು ಗೋಡೆ ಬಿಡಿಸುತ್ತದೆ. ಕಿತಾರೊನ ಗೆಳೆಯರ ಗುಂಪಿನಲ್ಲಿ ಅದೂ ಒಂದು. ಅಂದರೆ ಮಕ್ಕಳ ಕತೆಯೊಳಗೇ ಯುದ್ಧ ಇದೆ.

ನೇರವಾಗಿಯೂ ಬರೆದರು. 1973ರ 'ಎಲ್ಲರೂ ಗೌರವದಿಂದ ಸಾಯಿರಿ' ಎಂಬಂಥ ಹೆಸರಿನ ಪುಸ್ತಕ ನ್ಯೂ ಬ್ರಿಟನ್ನಿನ ಅವರ ಪಡೆಯದ್ದೇ ಕತೆ. ನೂರಕ್ಕೆ ತೊಂಬತ್ತು ಭಾಗ ನಿಜ ಅಂತ ಅವರೇ ಹೇಳಿದ್ದಾರೆ. ಹಸಿವು, ಭೇದಿ, ಕಪಾಳಕ್ಕೆ ಬೀಳುವ ಏಟು, ಪೋಲಿ ಹಾಡು. ಕೊನೆಗೆ ಸಾಯಲೇಬೇಕು ಅನ್ನುವ ಹುಕುಂ. ನಿಜದಲ್ಲಿ ಕೆಲವರು ಉಳಿದಿದ್ದರು, ಪುಸ್ತಕದಲ್ಲಿ ಯಾರನ್ನೂ ಉಳಿಸಲಿಲ್ಲ. ನೀವು ಡ್ರಾಯಿಂಗ್ ಮೇಷ್ಟ್ರು, ಒಂದು ಗಮನಿಸಿ. ಸೈನಿಕರ ಮುಖ ವ್ಯಂಗ್ಯಚಿತ್ರದ ಹಾಗೆ ನಾಲ್ಕು ಗೆರೆಯಲ್ಲಿ ಮುಗಿಯುತ್ತದೆ. ಹಿಂದಿನ ಮರ, ಸಮುದ್ರ, ಆಕಾಶ ಮಾತ್ರ ಚುಕ್ಕಿ ಚುಕ್ಕಿಯಾಗಿ ಫೋಟೋದಷ್ಟು ಸೂಕ್ಷ್ಮ. ಕೊನೆಯ ಪುಟಗಳಲ್ಲಿ ಹೆಣಗಳೂ ಹಾಗೇ ಆಗುತ್ತವೆ. ಬದುಕಿದ್ದಾಗ ಗೊಂಬೆಯಂತಿದ್ದವರು ಸತ್ತ ಮೇಲೆ ಮನುಷ್ಯರಂತೆ ಕಾಣುತ್ತಾರೆ.

1988-89ರಲ್ಲಿ ಬಂದ 'ಶೋವಾ' ಇಪ್ಪತ್ತನೇ ಶತಮಾನದ ಜಪಾನಿನ ದೊಡ್ಡ ಇತಿಹಾಸ. ಅದರಲ್ಲಿ ನಮಗೆ ಕತೆ ಹೇಳುವವನು ಯಾರು ಗೊತ್ತಾ? ನೆಜುಮಿ ಒತೊಕೊ, ಕಿತಾರೊ ಕತೆಯ ಇಲಿಮನುಷ್ಯ. ಕೊಳಕ, ದುರಾಸೆಯವನು, ದುಡ್ಡಿಗಾಗಿ ಗೆಳೆಯನಿಗೇ ಕೈಕೊಡುವವನು. ದೇಶದ ಇತಿಹಾಸ ಹೇಳೋಕೆ ಇವನನ್ನು ಕೂರಿಸಿದ ಧೈರ್ಯ ನೋಡಿ.

ಹೊಟ್ಟೆಗಿಲ್ಲದೆ ದುಡಿದರು ಅನ್ನೋದಕ್ಕೆ ಒಂದು ಸಣ್ಣ ಸೇರ್ಪಡೆ: ನಿದ್ದೆ ಮಾತ್ರ ಬಿಟ್ಟವರಲ್ಲ. ರಾತ್ರಿಯೆಲ್ಲ ಕೂತು ಬರೆಯುತ್ತೇವೆ ಅಂತ ಮಾಂಗಾದ ದೊಡ್ಡ ಹೆಸರುಗಳಾದ ಒಸಾಮು ತೆಜುಕಾ, ಶೋತಾರೊ ಇಶಿನೊಮೊರಿ ಹೆಮ್ಮೆಪಡುತ್ತಿದ್ದರೆ ಇವರು ನಾನಂತೂ ಚೆನ್ನಾಗಿ ಮಲಗುತ್ತೇನೆ ಅಂದವರು. ಆ ಇಬ್ಬರೂ 60ಕ್ಕೇ ಹೋದರು. ಮಿಜುಕಿ 91ನೇ ವಯಸ್ಸಿನಲ್ಲಿ ಹೊಸ ಧಾರಾವಾಹಿ ಶುರುಮಾಡಿ 2015ರಲ್ಲಿ, 93ಕ್ಕೆ ತೀರಿಕೊಂಡರು.

ಪುಸ್ತಕ ಎಲ್ಲಿ ಸಿಗುತ್ತದೆ ಅಂತಲೂ ಕೇಳಿದ್ದೀರಿ. ಕೆನಡಾದ ಡ್ರಾನ್ ಅಂಡ್ ಕ್ವಾರ್ಟರ್ಲಿಯವರು ಇವುಗಳಲ್ಲಿ ಹಲವನ್ನು ಇಂಗ್ಲಿಷಿನಲ್ಲಿ ತಂದಿದ್ದಾರೆ. ಹುಡುಗರಿಗೆ ಮೊದಲು 'ನೊನ್ನೊನ್ಬಾ' ಕೊಡಿ. ಸಕಾಯ್‌ಮಿನಾತೊ ಊರಿನಲ್ಲಿ ಮಿಜುಕಿಗೆ ಬಾಲ್ಯದಲ್ಲಿ ದೆವ್ವದ ಕತೆ ಹೇಳುತ್ತಿದ್ದ ಅಜ್ಜಿಯ ನೆನಪು ಅದು. 2007ರಲ್ಲಿ ಫ್ರಾನ್ಸಿನ ಆಂಗುಲೇಮ್ ಕಾಮಿಕ್ಸ್ ಉತ್ಸವದ ಅತ್ಯುತ್ತಮ ಪುಸ್ತಕ ಪ್ರಶಸ್ತಿ ಪಡೆದ ಮೊದಲ ಮಾಂಗಾ. 1973ರ ಯುದ್ಧದ ಪುಸ್ತಕವನ್ನು ಮಾತ್ರ ಹೈಸ್ಕೂಲಿನವರಿಗೆ ಈಗಲೇ ಕೊಡಬೇಡಿ, ಮೊದಲು ನೀವು ಓದಿ. 'ಶೋವಾ' ನಾಲ್ಕು ದಪ್ಪ ಸಂಪುಟ, ಬೆಲೆಯೂ ಜಾಸ್ತಿ. ಶಾಲೆಯ ಲೈಬ್ರರಿಗೆ ತರಿಸೋಕೆ ಆಗುತ್ತಾ ಕೇಳಿ ನೋಡಿ.

– ಸಂ.