ಅಭಿಮಾನಕ್ಕಾಗಿ ಮಾಡಿದ ನೇತ್ರದಾನದ ವಾಗ್ದಾನ

ಅಪ್ಪು ಅವರ ಮೇಲಿನ ಅಭಿಮಾನವೊಂದರಿಂದಲೇ ನೇತ್ರದಾನದ ಅರ್ಜಿ ತುಂಬಿದೆ, ಇಲ್ಲದಿದ್ದರೆ ಆ ಕಡೆ ತಲೆ ಹಾಕುತ್ತಿರಲಿಲ್ಲ, ಇದು ನಿಜವಾದ ಪರೋಪಕಾರವೇ ಎಂದು ಹೆಸರು ಹೇಳದೆ ಕೇಳಿದ್ದೀರಿ. ಖಂಡಿತವಾಗಿಯೂ ಹೌದು ಎಂಬುದು ನನ್ನ ಅಭಿಪ್ರಾಯ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ, ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡೂ ಕಾರ್ನಿಯಾಗಳನ್ನು (ಕಣ್ಣಿನ ಮುಂಭಾಗದ ಪಾರದರ್ಶಕ ಭಾಗ) ಮುಂಪದರ, ಹಿಂಪದರಗಳಾಗಿ ಬೇರ್ಪಡಿಸಿ, ಯಾರಿಗೆ ಯಾವ ಪದರ ಕೆಟ್ಟಿತ್ತೋ ಅವರಿಗೆ ಅದನ್ನೇ ಕಸಿ ಮಾಡಿದ್ದರಿಂದ ನಾಲ್ವರಿಗೆ ದೃಷ್ಟಿ ಬಂದಿತು. ಅವರ ತಂದೆ ಡಾ. ರಾಜ್‌ಕುಮಾರ್ ಅವರ ಕಣ್ಣುಗಳೂ 2006ರಲ್ಲಿ ದಾನವಾಗಿದ್ದವು. ಆ ಮನೆಯಲ್ಲಿಯೂ ಈ ಸತ್ಕಾರ್ಯ ಹಿರಿಯರಿಂದ ಕಿರಿಯರಿಗೆ ಬಂದದ್ದೇ ಆಗಿರುವಾಗ, ನೀವು ಒಬ್ಬರನ್ನು ನೋಡಿ ಕಲಿತದ್ದರಲ್ಲಿ ಸಂಕೋಚಪಡುವಂಥದ್ದು ಏನಿದೆ?

ನನ್ನನ್ನು ನಿಜಕ್ಕೂ ಚಿಂತೆಗೀಡುಮಾಡುವುದು ನಿಮ್ಮ ಉದ್ದೇಶವಲ್ಲ, ಅರ್ಜಿಯ ಮುಂದಿನ ಗತಿ. ವಾಗ್ದಾನವಿದ್ದರೂ ಸಾವಿನ ನಂತರ ಮನೆಯವರು ಒಪ್ಪದಿದ್ದರೆ ಕಣ್ಣುಗಳನ್ನು ತೆಗೆಯುವುದಿಲ್ಲ. ಸಾಮಾನ್ಯವಾಗಿ ಸಾವಾದ ಆರು ಗಂಟೆಗಳೊಳಗೆ ತೆಗೆಯಬೇಕಾಗಿರುವುದರಿಂದ, ದುಃಖದ ನಡುವೆಯೂ ಯಾರಾದರೂ ಒಬ್ಬರು ತಡಮಾಡದೆ ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕು, ಫ್ಯಾನ್ ಆರಿಸಬೇಕು, ರೆಪ್ಪೆಗಳನ್ನು ಮುಚ್ಚಿ ಮೇಲೆ ಒದ್ದೆ ಹತ್ತಿಯನ್ನಿಡಬೇಕು. ದಯವಿಟ್ಟು ಇವಿಷ್ಟನ್ನೂ ಇಂದೇ ನಿಮ್ಮ ಮನೆಯವರಿಗೆ ತಿಳಿಸಿ, ನೇತ್ರ ಬ್ಯಾಂಕಿನ ಫೋನ್ ಸಂಖ್ಯೆಯನ್ನು ಅವರ ಮೊಬೈಲಿನಲ್ಲಿಯೂ ಉಳಿಸಿಕೊಡಿ.